ಆಯಿಯ ಬೆನ್ನು ಮತ್ತು ಸೌದಿಯ ಡ್ರೈಯರ್

ಆ ಮಿಷನ್ನುಗಳನ್ನು ಗುಜರಿ ಎಂದು ಕರೆದವರನ್ನು ನಾನು ಇವತ್ತಿಗೂ ಮರೆತಿಲ್ಲ. ಗಂಡ ಕರೆದರು. ಮೈದುನ ಕರೆದ. ಕುಮಟೆಯಿಂದ ಬಂದ ಅಣ್ಣ ನಮ್ಮ ಜಗಲಿಯ ಅಂಚಿನಲ್ಲಿ ನಿಂತು, ಚಪ್ಪಲಿ ಕಾಲಲ್ಲಿರುವಾಗಲೇ ಕರೆದ. ಟೆಂಪೋದಿಂದ ಇಳಿಸಿದ ಹಮಾಲರೂ ಕರೆದರು, ಆದರೆ ಅವರ ಮೇಲೆ ನನಗೆ ಸಿಟ್ಟಿಲ್ಲ. ಸೊಂಟ ಮುರಿಯುವ ಭಾರ ಹೊತ್ತವರು ಏನು ಬೇಕಾದರೂ ಅನ್ನಬಹುದು. ಉಳಿದವರು ಯಾರೂ ಒಂದು ಮೂಲೆಗೂ ಕೈ ಕೊಟ್ಟಿರಲಿಲ್ಲ.

ಒಂದು ಬಟ್ಟೆ ಒಗೆಯುವುದು, ಇನ್ನೊಂದು ಒಣಗಿಸುವುದು. ಎರಡೂ ಅಮೆರಿಕದಲ್ಲಿ ಹುಟ್ಟಿ, ಸೌದಿಯಲ್ಲಿ ಒಂದು ದೊಡ್ಡ ಸಂಸಾರದ ಬಟ್ಟೆಯನ್ನೆಲ್ಲ ನೋಡಿಕೊಂಡು, ಮರದ ಪೆಟ್ಟಿಗೆಯಲ್ಲಿ ಕೂತು ಹಡಗು ಹತ್ತಿ ಭಟ್ಕಳಕ್ಕೆ ಬಂದಿದ್ದವು. ಹೊನ್ನಾವರದ ನಮ್ಮ ಹಿಂಜಗಲಿಗೆ ಬರುವ ಹೊತ್ತಿಗೆ ಅವು ನನ್ನ ಮದುವೆಗಿಂತ ಹಳೆಯವಾಗಿದ್ದವು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು, ಗುಂಡಿಗಳ ಸುತ್ತಲಿನ ಅಕ್ಷರ ಅಳಿಸಿಹೋಗಿತ್ತು. ನಾನೇನು ಅವನ್ನು ಚಂದಕ್ಕೆ ತಂದದ್ದಲ್ಲ. ನನ್ನನ್ನು ಹೆತ್ತ ಆಯಿಯ ಬೆನ್ನಿಗಾಗಿ ತಂದದ್ದು.

ಆಯಿಗೆ ಲಕ್ವಾ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಮಾತು ಮುಕ್ಕಾಲು ಹೋಗಿತ್ತು. ಒಂದೊಂದು ದಿನ ಎರಡು ಶಬ್ದ ಬರುತ್ತಿತ್ತು, ಒಂದೊಂದು ದಿನ ಅದೂ ಇಲ್ಲ. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕಾಗಿತ್ತು, ಅದೇ ದೊಡ್ಡ ಸಂಕಟ. ಅಣ್ಣನ ಮನೆ ಕುಮಟೆಯಲ್ಲಿ, ಆಯಿ ಇದ್ದದ್ದು ಅಲ್ಲೇ. ಆಸ್ಪತ್ರೆಯಿಂದ ಬಿಟ್ಟ ದಿನ ಅಣ್ಣ ನನ್ನನ್ನು ಬದಿಗೆ ಕರೆದು ಹೇಳಿದ, "ನೋಡು, ಮನೆಗೆ ಹೊಸಾ ಟೈಲ್ಸ್ ಹಾಕಿಸ್ತಾ ಇದ್ದೆ. ಧೂಳು ಅಂದ್ರೆ ಧೂಳು. ಆಯಿಗೆ ಆಗುದಿಲ್ಲ. ಕೆಲ್ಸ ಮುಗಿಯೂ ತನಕ ನಿನ್ನಲ್ಲಿ ಇರ್ಲಿ." ಟೈಲ್ಸ್ ಕೆಲಸ ಮುಗಿಯಿತು. ಗೋಡೆಗೆ ಬಣ್ಣವೂ ಆಯಿತು. ಆಯಿ ನಮ್ಮಲ್ಲೇ ಉಳಿದಳು. ಆಯಿ ನನಗೆ ಭಾರವಾಗಿರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಉರಿದದ್ದು ಆ ಟೈಲ್ಸಿಗೆ.

ಮೊದಲ ಮಳೆಗಾಲ ನರಕ. ನಮ್ಮ ಕಡೆಯ ಜೂನ್, ಜುಲೈ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸೀರೆ ಒಣಗಲು ವಾರ ಬೇಕು, ಅಷ್ಟರಲ್ಲಿ ಅದಕ್ಕೆ ಬೂಸುರು ಬಂದಿರುತ್ತದೆ. ಆಯಿಯ ಅಡಿಯ ಚಾದರ ದಿನಕ್ಕೆ ಎಷ್ಟು ಸಲ ಬದಲಿಸಬೇಕಾಗುತ್ತಿತ್ತು ಎಂದು ನಾನು ಲೆಕ್ಕ ಇಡಲಿಲ್ಲ. ಅಡುಗೆಮನೆಯಲ್ಲಿ ಹಗ್ಗ, ಬಚ್ಚಲೊಲೆಯ ಮೇಲೆ ಹಗ್ಗ, ದೇವರ ಕೋಣೆಯ ಬಾಗಿಲಿಗೂ ಹಗ್ಗ. ಮನೆಯೊಳಗೆ ತಲೆ ತಗ್ಗಿಸದೆ ನಡೆಯುವ ಹಾಗಿರಲಿಲ್ಲ. ಅಷ್ಟೆಲ್ಲ ಮಾಡಿದರೂ ಚಾದರ ಒಣಗುತ್ತಿರಲಿಲ್ಲ, ಹೊಗೆ ಕುಡಿದು ಬೆಚ್ಚಗಾಗುತ್ತಿತ್ತು ಅಷ್ಟೆ. ಆ ಹಸಿ ಚಾದರದ ಮೇಲೆ ಮಲಗಿ ಮಲಗಿ ಆಯಿಯ ಬೆನ್ನಿನ ಕೆಳಗೆ ಹುಣ್ಣಾಯಿತು. ಡಾಕ್ಟರು ಮುಲಾಮು ಬರೆದುಕೊಟ್ಟು, "ಮುಲಾಮಿಗಿಂತ ಒಣ ಬಟ್ಟೆ ಮುಖ್ಯ. ಅಡಿಯಲ್ಲಿ ಯಾವಾಗ್ಲೂ ಒಣಗಿದ್ದೇ ಇರ್ಬೇಕು. ಹುಣ್ಣು ಒಳಗೆ ಹೋದ್ರೆ ಕಷ್ಟ" ಅಂದರು.

ಅಣ್ಣನಿಗೆ ಫೋನ್ ಮಾಡಿದೆ. ಆಯಿಗೆ ಬೆನ್ನು ಒಡೆದಿದೆ, ಚಾದರ ಒಣಗುತ್ತಿಲ್ಲ, ಎಂತ ಮಾಡುವುದು ಎಂದು ಕೇಳಿದೆ.

"ಅದಕ್ಕೆ ಇಷ್ಟು ತಲೆಬಿಸಿ ಎಂತಕ್ಕೆ? ಗಾಳಿಗೆ ಒಣಗ್ತದೆ ಬಿಡು" ಅಂದ.

ನಾನು ಫೋನ್ ಕುಕ್ಕಿದ್ದಕ್ಕೆ ಅದರ ಹಿಡಿಕೆ ಬಿರುಕು ಬಿಟ್ಟಿತು. ಗಂಡ ಪೇಪರಿನಿಂದ ತಲೆ ಎತ್ತಿ, "ಹೋಗ್ಲಿ ಬಿಡು" ಅಂದರು. ನನ್ನ ಗಂಡ ಒಳ್ಳೆಯ ಮನುಷ್ಯ. ಬ್ಯಾಂಕಿನಲ್ಲಿ ಕೆಲಸ, ಯಾರೊಂದಿಗೂ ಜಗಳವಿಲ್ಲ. ಜಗತ್ತಿನಲ್ಲಿ ಏನೇ ನಡೆದರೂ ಅವರ ಬಾಯಲ್ಲಿ ಬರುವುದು ಆ ಎರಡು ಶಬ್ದ. ಹೋಗಲಿ ಬಿಡಲು ಅವರಿಗೇನು ಕಷ್ಟ? ಚಾದರ ಹಿಂಡುವವಳು ನಾನು.

ಆ ದಿನಗಳಲ್ಲಿ ನಾನು ಭಟ್ಕಳದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಟೀಚರ್. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ವಾಪಸ್. ನಮ್ಮ ತರಗತಿಯ ಒಬ್ಬಳು ಹುಡುಗಿಯ ಅಮ್ಮ ಒಮ್ಮೆ ಮಗಳ ಅಂಕದ ವಿಚಾರ ಮಾತಾಡಲು ಬಂದವರು ನನ್ನ ಪಕ್ಕ ಕೂತು ಮೂಗು ಅರಳಿಸಿದರು. ಅವರ ಮನೆಮಾತು ಭಟ್ಕಳದ ಮುಸ್ಲಿಮರ ನವಾಯತಿ, ಕನ್ನಡವನ್ನು ಒಂದೊಂದೇ ಶಬ್ದ ಆರಿಸಿಕೊಂಡು ಮಾತಾಡುತ್ತಿದ್ದರು. "ಟೀಚರ್, ನಿಮ್ಮ ಸೀರೆ ಹೊಗೆ ವಾಸನೆ ಬರ್ತದೆ. ಮನೇಲಿ ಗ್ಯಾಸ್ ಇಲ್ವಾ?" ಅಂದರು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ, ಬದಲಿಗೆ ಕಣ್ಣಲ್ಲಿ ನೀರು ಬಂತು. ಆಯಿ, ಬೆನ್ನು, ಚಾದರ, ಅಣ್ಣ, ಟೈಲ್ಸ್ ಎಲ್ಲವನ್ನೂ ಹೇಳಿಬಿಟ್ಟೆ. ಮಗಳ ಅಂಕದ ಮಾತು ಬರಲೇ ಇಲ್ಲ.

ಅವರು ಕರೆದರೆಂದು ಮರುವಾರ ಅವರ ಮನೆಗೆ ಹೋದೆ. ಮೆಟ್ಟಿಲ ಕೆಳಗೆ ಹಳೆಯ ಬೆಡ್‌ಶೀಟ್ ಹೊದ್ದು ಆ ಮಿಷನ್ನುಗಳ ಜೋಡಿ ನಿಂತಿತ್ತು. ಹೊಸದು ಬಂದ ಮೇಲೆ ಇದು ಸುಮ್ಮನೆ ಕೂತಿದೆ, ಆದರೆ ಓಡುತ್ತದೆ ಅಂದರು. ಕೊಡುತ್ತೇನೆ ಎಂದು ಮಾತ್ರ ಬಾಯಿಬಿಡಲಿಲ್ಲ. ಮೊದಲು ಡ್ರೈಯರಿನ ಜಾಳಿಗೆಯನ್ನು ನನ್ನ ಕೈಯಲ್ಲೇ ಎಳೆಸಿ ತೋರಿಸಿದರು. ಬಟ್ಟೆಯಿಂದ ಉದುರಿದ ನಾರು ಅದರಲ್ಲಿ ಹತ್ತಿಯ ಹಾಗೆ ಕೂತಿರುತ್ತದೆ. ಅದನ್ನು ಪ್ರತಿ ಸಲ ತೆಗೆಯಬೇಕು, ತೆಗೆಯದಿದ್ದರೆ ಬೆಂಕಿ. "ಪ್ರತಿ ಸಲ, ಟೀಚರ್. ನಾಳೆ ಅಂತ ಇಲ್ಲ" ಎಂದು ನನಗೆ ಶಾಲೆಯ ಹುಡುಗಿಗೆ ಹೇಳುವಂತೆ ಹೇಳಿದರು. ನಾನು ತೆಗೆದೆ, ಒರೆಸಿದೆ, ಮತ್ತೆ ಕೂರಿಸಿದೆ. ಆಮೇಲೆ "ಆಯ್ತು, ತಗೊಂಡು ಹೋಗಿ" ಅಂದರು. ಬಿಟ್ಟಿ ತರಲಿಲ್ಲ, ಅಷ್ಟು ಹೇಳಿದರೆ ಸಾಕು.

ಸೌದಿಯ ಕರೆಂಟು ಬೇರೆ, ನಮ್ಮದು ಬೇರೆ. ಅದಕ್ಕೆ ಜೊತೆಯಲ್ಲೊಂದು ಕಬ್ಬಿಣದ ಡಬ್ಬಿ ಬಂತು, ಅದನ್ನು ನಡುವೆ ಕೂರಿಸದಿದ್ದರೆ ಮಿಷನ್ನು ಸುಟ್ಟುಹೋಗುತ್ತದೆ. ಆ ಡಬ್ಬಿ ಹಗಲೆಲ್ಲ ಗುಂಯ್ ಎನ್ನುತ್ತಿತ್ತು. ಗಡಿಯಾರದ ಗುಂಡಿಯೂ ಇಲ್ಲಿನ ಕರೆಂಟಿಗೆ ನಿಧಾನ ತಿರುಗುತ್ತಿತ್ತು. ಒಂದು ಗಂಟೆ ಎಂದು ಇಟ್ಟರೆ ಅದು ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಇನ್ನು ನಮ್ಮ ಕರೆಂಟಿನ ಕಥೆ. ಮೇಲೆ ಗೇರುಸೊಪ್ಪದಲ್ಲಿ ನಮ್ಮದೇ ಹೊಳೆಯ ನೀರಿಗೆ ಕಟ್ಟೆ ಕಟ್ಟಿ ಕರೆಂಟು ತೆಗೆಯುತ್ತಾರೆ. ಅದೇ ಹೊಳೆ ಸಮುದ್ರ ಸೇರುವ ಜಾಗದಲ್ಲಿರುವ ನಮಗೆ ಗುಡುಗಿದರೆ ಕತ್ತಲು. ಊರೆಲ್ಲ ಬೆಳಗಲಿ, ನಮ್ಮ ಆಯಿಯ ಚಾದರ ಮಾತ್ರ ಒದ್ದೆ ಇರಲಿ! ಕರೆಂಟು ಬಂದ ಕೂಡಲೇ ನಾನು ಉಣ್ಣುವ ತಟ್ಟೆ ಬಿಟ್ಟು ಎದ್ದು ಹೋಗಿ ಗುಂಡಿ ತಿರುಗಿಸುತ್ತಿದ್ದೆ.

ಆ ಜೋಡಿಯ ಚಾಕರಿಯೂ ಸಣ್ಣದಲ್ಲ. ಸಮುದ್ರದ ಗಾಳಿಗೆ ಎಲ್ಲೆಲ್ಲಿ ಬಣ್ಣ ಎದ್ದಿತ್ತೋ ಅಲ್ಲೆಲ್ಲ ತುಕ್ಕು ಹಲ್ಲು ಹಾಕುತ್ತಿತ್ತು. ಉಪ್ಪುಕಾಗದದಿಂದ ತಿಕ್ಕಿ, ನನ್ನ ಉಗುರುಬಣ್ಣ ಹಚ್ಚಿ ಮುಚ್ಚುತ್ತಿದ್ದೆ. ಬಿಸಿಗಾಳಿ ಹೊರಹೋಗುವ ಕೊಳವೆಯೊಳಗೆ ಹಲ್ಲಿ ಸಂಸಾರ ಹೂಡುತ್ತಿತ್ತು, ಅದಕ್ಕೆ ಸೊಳ್ಳೆಪರದೆ ಕಟ್ಟಿದೆ. ಒಗೆಯುವ ಮಿಷನ್ನಿನ ನೀರಿನ ಪೈಪು ಒಡೆದಾಗ ಸೈಕಲ್ ಟ್ಯೂಬು ಸುತ್ತಿದೆ. ಸದ್ದು ಕೇಳಿಯೇ ಯಾವುದು ಎಲ್ಲಿ ಸಡಿಲವಾಗಿದೆ ಎಂದು ಗೊತ್ತಾಗುವಷ್ಟು ಪಳಗಿದೆ. ಗುಜರಿ ಎಂದವರೆಲ್ಲ ಅಂಗಿ, ಪ್ಯಾಂಟು ತಂದು ಅದೇ ಗುಜರಿಯೊಳಗೆ ತುರುಕುತ್ತಿದ್ದರು, ಮೈದುನ ಎಲ್ಲರಿಗಿಂತ ಮೊದಲು. ಆಯಿಯ ಚಾದರ ಆದ ಮೇಲೆ ಅವರದ್ದು. ಅದು ನನ್ನ ಕಾನೂನು.

ಆಯಿಗೆ ಬಿಸಿ ಚಾದರ ಹಾಸಿದಾಗ ಅವಳು ಎಡಗೈಯಿಂದ ಅದನ್ನು ಸವರುತ್ತಿದ್ದಳು. ಮೊದಲ ದಿನ "ಬಿಸಿಲು" ಅಂದಳು. ಹೊರಗೆ ಆಕಾಶ ಹರಿದು ಸುರಿಯುತ್ತಿತ್ತು. ಹುಣ್ಣು ಮೆಲ್ಲಗೆ ಒಣಗಿ, ಮೇಲೆ ಹೊಸ ಚರ್ಮ ಬಂತು. ಡಾಕ್ಟರು ನೋಡಿ "ಅಡ್ಡಿಲ್ಲ" ಅಂದರು. ನಾನು ಆ ದಿನ ಒಬ್ಬಳೇ ಹಿಂಜಗಲಿಗೆ ಹೋಗಿ ಆ ಡ್ರೈಯರಿನ ನೆತ್ತಿ ತಟ್ಟಿದೆ.

ಈಗ ಮೈದುನನ ವಿಷಯಕ್ಕೆ ಬರುತ್ತೇನೆ. ಬರದೆ ಗತಿಯಿಲ್ಲ.

ಅವನದು ಮುರುಗಲು ವ್ಯಾಪಾರ, ಕೆಲವರು ಪುನರ್ಪುಳಿ ಅನ್ನುತ್ತಾರಲ್ಲ, ಅದು. ಹಳ್ಳಿಗಳಿಂದ ಮುರುಗಲು ಹಣ್ಣು ತರಿಸಿ, ಸಿಪ್ಪೆ ಬಿಡಿಸಿ, ಉಪ್ಪು ಹಾಕಿ ಒಣಗಿಸಿ ಮಾರುವುದು. ಹಣ್ಣು ಸರಿಯಾಗಿ ಮಳೆಗಾಲ ಬರುವ ಹೊತ್ತಿಗೇ ಮಾಗುತ್ತದೆ. ಮಿಷನ್ನು ಬಂದ ಮರುವರ್ಷ ಮಳೆ ಬೇಗ ಹಿಡಿಯಿತು, ಅಂಗಳದ ಸಿಪ್ಪೆಯೆಲ್ಲ ಬುಟ್ಟಿಗಳಲ್ಲಿ ಮನೆಯೊಳಗೆ ಬಂತು. ಎಲ್ಲಿ ನೋಡಿದರೂ ಕೆಂಪು ನೀರು, ಹುಳಿ ವಾಸನೆ. ಶಾಲೆ ಶುರುವಾದ ವಾರ ಅದು. ನಾನು ಬೆಳಿಗ್ಗೆ ಭಟ್ಕಳಕ್ಕೆ ಹೊರಡುವಾಗ ಅವನು ಹಿಂಜಗಲಿಯಲ್ಲಿ ಡ್ರೈಯರಿನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಂತಿದ್ದ. ಅಂಗಿ ಹಾಕಲು ಇರಬೇಕು ಎಂದುಕೊಂಡೆ.

ಸಂಜೆ ಬಂದಾಗ ಗೇಟಿನಲ್ಲೇ ಸುಟ್ಟ ವಾಸನೆ. ಒಳಗೆ ಓಡಿದೆ. ಡ್ರೈಯರಿನ ಬಾಗಿಲು ತೆರೆದಿತ್ತು. ಒಳಗೆ, ಬಟ್ಟೆ ತಿರುಗುವ ಆ ಬಿಳಿ ಡೋಲಿನ ಗೋಡೆಗೆಲ್ಲ ಮುರುಗಲು ಸಿಪ್ಪೆ ಅಂಟಿಕೊಂಡು ಕರಿ ಹಿಡಿದಿತ್ತು. ತೂತುಗಳಿಂದ ಉಪ್ಪು ಹುಳಿ ರಸ ಹಿಂದಕ್ಕೆ ಇಳಿದು, ಅಡಿಯಿಂದ ಸೋರಿ ಜಗಲಿಯ ಮೇಲೆ ಹರಿದಿತ್ತು. ಅಲ್ಲಿ ಯಾರದೋ ಕೊಲೆಯಾದ ಹಾಗೆ ಕಾಣುತ್ತಿತ್ತು.

"ಎಂತ ಮಾಡ್ದೆ?" ಎಂದು ಕಿರುಚಿದೆ.

"ಅತ್ತಿಗೆ, ಬಟ್ಟೆ ಒಣಗ್ಸುದೂ ಸಿಪ್ಪೆ ಒಣಗ್ಸುದೂ ಎಂತ ಫರಕು? ಎರಡೂ ಒದ್ದೆನೇ ಅಲ್ದಾ? ಮೊದ್ಲು ಚಲೋ ತಿರುಗ್ತಾ ಇತ್ತು. ಆಮೇಲೆ ಎಂತದೋ ಟಪ್ ಅಂತು" ಅಂದ. ಅವನ ಮುಖದಲ್ಲಿ ಬೇಸರವಿದ್ದದ್ದು ಸಿಪ್ಪೆಗಾಗಿ.

ಟಪ್ ಎಂದದ್ದು ಡೋಲು ತಿರುಗಿಸುವ ಬೆಲ್ಟು. ಆಯಿಯ ಕೋಣೆಗೆ ಹೋದೆ. ಹಗಲು ಆಯಿಯನ್ನು ನೋಡಿಕೊಳ್ಳಲು ಬರುವ ಹೆಂಗಸು ಒಣ ಚಾದರ ಸಿಗದೆ, ಒಗೆದಿಟ್ಟ ಹಸಿ ಚಾದರವನ್ನೇ ಹಿಂಡಿ ಹಾಸಿ ಮನೆಗೆ ಹೋಗಿದ್ದಳು. ಆಯಿ ನಡುಗುತ್ತ ಮಲಗಿದ್ದಳು. ನನ್ನ ಸೆರಗು ಹಿಡಿದುಕೊಂಡಳು. ಚಾದರ ಎಳೆದು ತೆಗೆದು, ನನ್ನ ಮದುವೆಯ ರೇಷ್ಮೆ ಸೀರೆಯನ್ನು ಕಪಾಟಿನಿಂದ ತೆಗೆದು ಮಡಚಿ ಅವಳ ಅಡಿಗೆ ಹಾಸಿದೆ. ಮನೆಯಲ್ಲಿ ಪೂರ್ತಿ ಒಣಗಿದ ದೊಡ್ಡ ಬಟ್ಟೆ ಅಂತ ಇದ್ದದ್ದು ಅದೊಂದೇ.

ಆಮೇಲೆ ಹೊರಗೆ ಬಂದು ಮೈದುನನ ಜನ್ಮ ಜಾಲಾಡಿದೆ. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು, ಬರಲಿ ಅಂದೆ. ಮುರುಗಲು ಬುಟ್ಟಿಯನ್ನು ಎತ್ತಿ ಅಂಗಳದ ಮಳೆಗೆ ಎಸೆದೆ. ಅಷ್ಟು ಹೊತ್ತಿಗೆ ಗಂಡ ಬ್ಯಾಂಕಿನಿಂದ ಬಂದರು. ಕೊಡೆ ಮಡಚುತ್ತ, ತೇಲುತ್ತಿರುವ ಸಿಪ್ಪೆ ನೋಡುತ್ತ, "ಹೋಗ್ಲಿ ಬಿ..." ಎನ್ನುವಷ್ಟರಲ್ಲಿ ನಾನು ತಿರುಗಿ ನೋಡಿದೆ. ಆ ಮಾತನ್ನು ಅವರು ಪೂರ್ತಿ ಮಾಡಲಿಲ್ಲ. ನಮ್ಮ ಸಂಸಾರದಲ್ಲಿ ಅದೇ ಮೊದಲ ಸಲ.

ಬೆಲ್ಟು ಹೊನ್ನಾವರದಲ್ಲಿ ಸಿಗುವುದೆಲ್ಲಿಂದ? ಭಟ್ಕಳದ ಆ ಹುಡುಗಿಯ ಅಮ್ಮನಿಗೆ ಹೇಳಿದೆ. ರಜಾದಿನ ಅವರು ಮಳೆಯಲ್ಲೇ ಬಸ್ಸು ಹತ್ತಿ ಬಂದರು. ಬುರ್ಖಾದ ಅಂಚು ನೆನೆದು ತೊಪ್ಪೆಯಾಗಿತ್ತು, ಕೈಯಲ್ಲಿ ಅತ್ತರು ಅಂಗಡಿಯ ಚೀಲ, ಚೀಲದೊಳಗೆ ಸ್ಕ್ರೂಡ್ರೈವರು. ಡೋಲಿನೊಳಗೆ ತಲೆ ಹಾಕಿ ಮೂಸಿ, "ಟೀಚರ್, ಇದರಲ್ಲಿ ಸಾರು ಮಾಡಿದ್ರಾ?" ಅಂದರು. ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಮೈದುನನ ಸಾಹಸ ಹೇಳಿದೆ. "ಸೌದಿಯಲ್ಲಿ ನನ್ನ ಮೈದುನ ಇದರಲ್ಲೇ ಮರಳು ತುಂಬಿದ ಬೂಟು ಹಾಕಿದ್ದ. ಎಲ್ಲ ಮನೇಲೂ ಒಬ್ಬ ಇರ್ತಾನೆ" ಎಂದು ಬುರ್ಖಾದ ತೋಳು ಮಡಚಿ ನೆಲಕ್ಕೆ ಕೂತರು. ಇಬ್ಬರೂ ಸೇರಿ ಹಿಂದಿನ ತಗಡು ಬಿಚ್ಚಿ, ಸೋಡಾ ಹಾಕಿ ತಿಕ್ಕಿ, ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದೇ ತೂತು ಬಿಡಿಸಿದೆವು. ಬಣ್ಣ ಎದ್ದ ಕಡೆಗಳಲ್ಲಿ ಹುಳಿ ಕಬ್ಬಿಣವನ್ನೇ ತಿಂದಿತ್ತು. ಕೆಂಪು ಮಾತ್ರ ಪೂರ್ತಿ ಹೋಗಲಿಲ್ಲ. ದುಬೈಯಲ್ಲಿರುವ ತನ್ನ ಅಕ್ಕನ ಮಗನಿಗೆ ಫೋನ್ ಮಾಡಿ ಬೆಲ್ಟು ತರಿಸುತ್ತೇನೆ, ಅವನು ಊರಿಗೆ ಬರುವವರೆಗೆ ತಡೆಯಿರಿ ಅಂದರು.

ತಡೆಯುವುದು ನನಗೆ ಬರುತ್ತದೆ, ಆಯಿಯ ಬೆನ್ನಿಗೆ ಬರುವುದಿಲ್ಲ. ಆದ್ದರಿಂದ ಮೈದುನನನ್ನು ಕರೆದು ಇಸ್ತ್ರಿಪೆಟ್ಟಿಗೆ ಕೈಗೆ ಕೊಟ್ಟೆ. ಬೆಲ್ಟು ಬರುವವರೆಗೂ ಆಯಿಯ ಚಾದರಗಳನ್ನೆಲ್ಲ ಅವನೇ ಇಸ್ತ್ರಿ ಹಾಕಿ ಒಣಗಿಸಬೇಕು, ಕರೆಂಟು ಹೋದರೆ ಇದ್ದಿಲ ಇಸ್ತ್ರಿಯಲ್ಲಿ. "ಅತ್ತಿಗೆ, ನಂಗೆ ವ್ಯಾಪಾರ..." ಅಂದ. "ನಿನ್ನ ವ್ಯಾಪಾರ ಅಂಗಳದಲ್ಲಿ ತೇಲ್ತಾ ಇದ್ದು" ಅಂದೆ. ಹಾಕಿದ. ಕೈ ಸುಟ್ಟುಕೊಂಡ, ಬೊಬ್ಬೆ ಎದ್ದಿತು, ಹಾಕಿದ. ಅಷ್ಟಾದರೂ ಆಯಿಯ ಬೆನ್ನು ಮತ್ತೆ ಒಡೆಯಿತು. ಹೊಸ ಚರ್ಮ ಬಂದ ಜಾಗದಲ್ಲೇ ಒಡೆಯಿತು. ಮುಲಾಮು ಹಚ್ಚುವಾಗ ಆಯಿ ಕೂಗುತ್ತಿರಲಿಲ್ಲ, ತುಟಿ ಕಚ್ಚುತ್ತಿದ್ದಳು. ನನಗೆ ಮೈದುನನ ಮೇಲೆ ಹುಟ್ಟಿದ ಸಿಟ್ಟು ಅವನ ಬೊಬ್ಬೆ ನೋಡಿದರೂ ಇಳಿಯಲಿಲ್ಲ.

ಬೆಲ್ಟು ಬಂತು. ಡೋಲು ಮತ್ತೆ ತಿರುಗಿತು. ಬಿಸಿ ಚಾದರಕ್ಕೆ ಸಣ್ಣಗೆ ಹುಳಿ ವಾಸನೆ, ಅಂಚಿನಲ್ಲಿ ಅಲ್ಲಲ್ಲಿ ತಿಳಿಗೆಂಪು ಕಲೆ. ಇರಲಿ, ಒಣಗಿದೆಯಲ್ಲ. ಒಂದಷ್ಟು ದಿನ ಮನೆ ತಣ್ಣಗಾಯಿತು.

ಆಗ ಬಂದ ಅಣ್ಣ. ಆಷಾಢದ ಜಡಿಮಳೆ. ಫೋನಿಲ್ಲ, ಹೇಳಿಲ್ಲ, ಟೆಂಪೋ ಮಾಡಿಕೊಂಡು, ಎತ್ತಲು ಇಬ್ಬರನ್ನು ಕೂರಿಸಿಕೊಂಡೇ ಬಂದಿದ್ದ. ಅವನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು, ಗಂಡು ಮಗು ಹುಟ್ಟಿತ್ತು. ಅದು ನನಗೆ ಗೊತ್ತಿತ್ತು. ಉಳಿದದ್ದನ್ನು ಅವನು ಜಗಲಿಯ ಅಂಚಿನಲ್ಲಿ ನಿಂತು ಹೇಳಿದ.

"ಶಿಶುವಿನ ಬಟ್ಟೆ ಒಂದೂ ಒಣಗುದಿಲ್ಲ ಮಾರಾಯ್ತಿ. ಕೆಂಡದ ಮೇಲೆ ಹಿಡಿದ್ರೆ ಹೊಗೆ, ಅದಕ್ಕೆ ಕೆಮ್ಮು. ನಿನ್ನ ಮಿಷನ್ ಇದ್ದಲ್ಲ. ಒಂದು ಮಳೆಗಾಲಕ್ಕೆ ಕೊಡು, ಆಮೇಲೆ ತಂದು ಹಾಕ್ತೆ."

"ಗಾಳಿಗೆ ಒಣಗುದಿಲ್ವಾ?" ಎಂದು ಕೇಳಿದೆ.

"ಈ ಮಳೇಲಿ ಎಂತ ಗಾಳಿಗೆ ಒಣಗುದು? ನಿಂಗೆ ತಲೆ ಸಮ ಇದ್ದಾ?" ಅಂದ. ತಾನು ಹಿಂದೆ ಏನು ಹೇಳಿದ್ದೆ ಎನ್ನುವುದೇ ಅವನಿಗೆ ನೆನಪಿರಲಿಲ್ಲ. ನಾನು ವರ್ಷವಿಡೀ ಆ ಮಾತನ್ನು ಹೊಟ್ಟೆಯೊಳಗೆ ಇಟ್ಟುಕೊಂಡು ಕುದಿದಿದ್ದೆ, ಅವನಿಗೆ ಅದು ಉಗಿದು ಮರೆತ ಎಂಜಲು.

"ಅಡ್ಡಿಲ್ಲ, ತಕಂಡು ಹೋಗು. ಆದ್ರೆ ಆಯಿನ್ನೂ ಕರ್ಕಂಡು ಹೋಗು. ಅದು ಆಯಿಗೆ ತಂದದ್ದು. ಆಯಿ ಎಲ್ಲಿ ಇರ್ತಾಳೋ ಅದೂ ಅಲ್ಲೇ. ಟೆಂಪೋದಲ್ಲಿ ಜಾಗ ಇದ್ದು, ಎತ್ತುಕೆ ಜನ ಇದ್ರು. ಆಯಿಯ ಬಟ್ಟೆ ಕಟ್ಟಿಕೊಡ್ತೆ" ಅಂದೆ.

ಅಣ್ಣ ಟೆಂಪೋ ಕಡೆ ನೋಡಿದ. ಎತ್ತಲು ಬಂದವರು ಬೀಡಿ ಹಚ್ಚಿಕೊಂಡು ಬೇರೆ ಕಡೆ ತಿರುಗಿದರು.

"ಹಂಗೆಲ್ಲ ಒಮ್ಮೆಲೇ ಆಗುದಿಲ್ಲ. ಮನೇಲಿ ಬಾಣಂತಿ ಇದ್ದು. ಮತ್ತೆ ಟೈಲ್ಸ್ ಬೇರೆ, ಮಳೆಗಾಲದಲ್ಲಿ ಜಾರ್ತದೆ. ಆಯಿಗೆ ಆಗುದಿಲ್ಲ" ಅಂದ.

ಜಾರ್ತದೆ! ಒಂದೂವರೆ ವರ್ಷದಿಂದ ಹಾಸಿಗೆ ಬಿಟ್ಟು ಎದ್ದಿರದ ಆಯಿ ಇವನ ಟೈಲ್ಸ್ ಮೇಲೆ ಜಾರಿ ಬೀಳುತ್ತಾಳಂತೆ. ನಾನು ಬಾಯಿ ತೆರೆದೆ, ಏನು ಹೇಳಿದೆ ಎನ್ನುವುದು ಅಕ್ಷರಶಃ ನೆನಪಿಲ್ಲ. ಹೇಳಿದ್ದೆಲ್ಲವೂ ಸರಿಯಾಗಿಯೇ ಇತ್ತು. ಅಣ್ಣ ಕೊನೆಗೆ, "ಇಟ್ಕ, ನಿನ್ನ ಗುಜರಿ ನೀನೇ ಇಟ್ಕ" ಎಂದು ಕೊಡೆ ಬಿಚ್ಚಿದ. ಆಯಿಯ ಕೋಣೆ ಜಗಲಿಗೆ ತಾಗಿಕೊಂಡೇ ಇತ್ತು, ಬಾಗಿಲು ತೆರೆದಿತ್ತು. ಒಳಗೆ ಒಂದು ಹೆಜ್ಜೆ ಇಟ್ಟು ಮುಖ ತೋರಿಸಿ ಹೋಗಬಹುದಿತ್ತು. ಹೋಗಲಿಲ್ಲ. ಖಾಲಿ ಟೆಂಪೋ ಗೇಟು ದಾಟಿ ತಿರುಗಿತು.

ನಾನು ಒಳಗೆ ಹೋದೆ. ಆಯಿ ಕಣ್ಣು ತೆರೆದು ಮಲಗಿದ್ದಳು. ಅವಳಿಗೆ ಎಲ್ಲವೂ ಕೇಳಿಸಿತ್ತು.

"ಹೋದ್ನಾ?" ಅಂದಳು.

"ಹೋದ."

ಆಮೇಲೆ ಎಡಗೈಯಿಂದ ಅಡಿಯ ಬಿಸಿ ಚಾದರದ ಅಂಚು ಹಿಡಿದು ಎಳೆಯತೊಡಗಿದಳು. ಬದಿಗೆ ಸರಿದದ್ದೋ ಎಂದು ನಾನು ಸರಿಮಾಡಿದೆ. ಮತ್ತೆ ಎಳೆದಳು. ಬಾಯಿ ಸೊಟ್ಟ ಮಾಡಿ, ಉಗುಳು ಸುರಿಸಿ, ಕಷ್ಟಪಟ್ಟು ಹೇಳಿದಳು. "ಶಿಶುಗೆ. ಕೊಡು."

"ಕೊಡುದಿಲ್ಲ. ನಿನ್ನ ಬೆನ್ನು ಕೊಳೀತದೆ, ಗೊತ್ತಿದ್ದಾ ನಿಂಗೆ?" ಎಂದು ಆಯಿಯ ಮೇಲೂ ರೇಗಿದೆ. ಯಾರ ಮೇಲೆ ಸಿಟ್ಟು ಮಾಡುವುದು ಉಳಿದಿತ್ತೋ ಅದೂ ಆಯಿತು. ಅವಳು ಕೇಳಲಿಲ್ಲ. ಆ ದಿನ, ಮರುದಿನ, ನಾನು ಹಾಸಿದ ಪ್ರತಿ ಚಾದರವನ್ನು ಇರುವ ಒಂದು ಕೈಯಿಂದ ಎಳೆದು ಎಳೆದು ಬೆನ್ನಿನಡಿಯಿಂದ ಗುಪ್ಪೆ ಮಾಡಿದಳು. ಒಣ ಚಾದರ ಇದ್ದೂ ಬರಿಯ ಹಾಸಿಗೆಯ ರೆಕ್ಸಿನ್ ಮೇಲೆ ಮಲಗಿದಳು. ಮುಖ ನೋಡಿಹೋಗದ ಮಗನ ಮೊಮ್ಮಗನಿಗಾಗಿ! ನನ್ನ ಹಟ ಎಲ್ಲಿಂದ ಬಂದದ್ದು ಎಂದು ಆಗ ಗೊತ್ತಾಯಿತು.

ಸೋತೆ. ಆದರೆ ಮಿಷನ್ನು ಕಳಿಸಲಿಲ್ಲ. ಫೋನ್ ಮಾಡಿದ್ದು ಅಣ್ಣನಿಗಲ್ಲ, ಅವನ ಮಗಳಿಗೆ. ಶಿಶುವಿನ ಒದ್ದೆ ಬಟ್ಟೆಯನ್ನು ಚೀಲದಲ್ಲಿ ತುಂಬಿ ಕುಮಟೆಯಿಂದ ಬರುವ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸು, ಒಣಗಿಸಿ ಮಡಚಿ ತಿರುಗಿ ಹೋಗುವ ಬಸ್ಸಿಗೆ ಹಾಕುತ್ತೇನೆ ಅಂದೆ. ನಮ್ಮ ಕಡೆ ಬಸ್ಸಿನಲ್ಲಿ ಮೀನು, ಔಷಧಿ, ಮದುವೆ ಕಾಗದ ಎಲ್ಲ ಹೋಗುತ್ತದೆ, ಕೌಪೀನವೂ ಹೋಗಲಿ. ಹುಡುಗಿ ಫೋನಿನಲ್ಲೇ ಅತ್ತಳು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ.

ಚೀಲ ಬರತೊಡಗಿತು. ನೀಲಿ ಪ್ಲಾಸ್ಟಿಕ್ ಚೀಲ, ಬಾಯಿಗೆ ಬಾಳೆನಾರಿನ ಗಂಟು. ಮೈದುನ ಸ್ಟ್ಯಾಂಡಿನಿಂದ ತರುತ್ತಿದ್ದ, ಆ ಕೆಲಸಕ್ಕೆ ಅವನನ್ನೇ ನೇಮಿಸಿದ್ದೆ. ಮೊದಲು ಶಿಶುವಿನದು, ಆಮೇಲೆ ಆಯಿಯದು. ಅದು ಆಯಿಯ ಕಾನೂನು. ಒಣಗಿದ ಪುಟ್ಟ ಬಟ್ಟೆಗಳನ್ನು ಅವಳ ಹೊಟ್ಟೆಯ ಮೇಲೆ ರಾಶಿ ಹಾಕಿದರೆ ಎಡಗೈಯೊಂದರಲ್ಲೇ ಸವರಿ ಸವರಿ ಮಡಚುತ್ತಿದ್ದಳು. ಅದಾದ ಮೇಲೆಯೇ ಚಾದರ ಹಾಸಲು ಬಿಡುತ್ತಿದ್ದಳು. ಬೆನ್ನು ಮತ್ತೆ ಕೂಡತೊಡಗಿತು.

ಒಂದು ದಿನ ಅಣ್ಣನ ಫೋನ್ ಬಂತು. ಆಯಿ ಹೇಗಿದ್ದಾಳೆ ಎಂದು ಕೇಳಲು ಅಲ್ಲ. "ಶಿಶುವಿನ ಬಟ್ಟೆ ಮೇಲೆ ಕೆಂಪು ಕಲೆ ಎಂತದು?" ಎಂದು ಕೇಳಲು.

"ಮುರುಗಲು. ಪಿತ್ತಕ್ಕೆ ಒಳ್ಳೇದು" ಎಂದು ಫೋನ್ ಇಟ್ಟೆ.

ಪ್ರತಿ ಸಲ ಚೀಲ ಬಂದಾಗ ಆಯಿ ಬಾಗಿಲ ಕಡೆ ನೋಡುತ್ತಿದ್ದಳು. ಚೀಲ ತಂದವನ ಹಿಂದೆ ಇನ್ಯಾರಾದರೂ ಇದ್ದಾರೋ ಎಂದು ನೋಡುತ್ತಿದ್ದಳು. "ಯಾರು ತಂದ್ರು?" ಎನ್ನುತ್ತಿದ್ದಳು. "ಬಸ್ಸು" ಎನ್ನುತ್ತಿದ್ದೆ. ಕುಮಟೆಯೇನು ಸಮುದ್ರದಾಚೆ ಇದೆಯೇ? ಬಟ್ಟೆ ಬರುವ ಬಸ್ಸಿನಲ್ಲಿ ಮನುಷ್ಯನೂ ಬರಬಹುದು. ಸುಳ್ಳು ನನ್ನ ಜಾಯಮಾನವಲ್ಲ, ಅದರಲ್ಲೂ ಅಣ್ಣನ ಮರ್ಯಾದೆ ಉಳಿಸುವ ಸುಳ್ಳು. ಆದರೂ ಒಂದು ಸಂಜೆ ಅವಳು ಕತ್ತು ಎತ್ತಲು ಹೋಗಿ ಆಗದೆ ಮತ್ತೆ ದಿಂಬಿಗೆ ಬಿದ್ದು, "ಯಾರು?" ಎಂದಾಗ ನನಗೆ ತಡೆಯಲಾಗಲಿಲ್ಲ.

"ಅಣ್ಣ ತಂದ. ಬಸ್ಸು ಹೊರಡ್ತದೆ ಹೇಳಿ ನಿಲ್ಲಲಿಲ್ಲ. ನಿನ್ನ ಕೇಳ್ದ" ಅಂದೆ.

ಆಯಿ ನನ್ನನ್ನೇ ನೋಡಿದಳು. ಮಾತು ಹುಡುಕುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

"ಸುಳ್ಳು" ಅಂದಳು. ಲಕ್ವಾ ಹೊಡೆದ ಮೇಲೆ ಅಷ್ಟು ಸ್ಪಷ್ಟವಾದ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ. ಆಮೇಲೆ ನೀರು ತೊಟ್ಟಿಕ್ಕುತ್ತಿದ್ದ ಚೀಲವನ್ನು ಎಡಗೈಯಿಂದ ನನ್ನ ಕಡೆ ತಳ್ಳಿ, "ಒಣಗ್ಸು" ಅಂದಳು.

ಹಿಂಜಗಲಿಗೆ ಹೋದೆ. ಜಾಳಿಗೆ ಎಳೆದೆ, ನಾರು ತೆಗೆದೆ, ಒರೆಸಿ ಕೂರಿಸಿದೆ. ಒದ್ದೆ ಬಟ್ಟೆ ಹಾಕಿ ಗುಂಡಿ ತಿರುಗಿಸಿದೆ. ಡೋಲು ಗುಡುಗುಡು ತಿರುಗತೊಡಗಿತು. ಚೀಲ ಆ ಮಳೆಗಾಲ ಮುಗಿಯುವವರೆಗೂ ಬಂತು. ಯಾರು ತಂದರು ಎಂದು ಆಯಿ ಮತ್ತೆ ಕೇಳಲಿಲ್ಲ.